ಆರು ವರ್ಷದ ಲ್ಯಾಬ್ರಡಾರ್ ನಾಯಿ, 41 ಕೆಜಿ, ಮೊಣಕಾಲಿನ ಲಿಗಮೆಂಟ್ ಹರಿದಿದೆ: ಆಪರೇಷನ್ ಮಾಡಿಸಬೇಕಾ, ಬೇಡ್ವಾ?

ಕರಿಯನ ಮನೆಯವ · ಬಳ್ಳಾರಿ · ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೌಲ್ ಬಜಾರ್ ಕಡೆ. ಕರಿಯ ಅಂತ ಕಪ್ಪು ಲ್ಯಾಬ್ ಇದ್ದಾನೆ, ಆರು ವರ್ಷ. ಹದಿನೈದು ದಿನದ ಹಿಂದೆ ಮಾಳಿಗೆ ಮೆಟ್ಟಿಲು ಇಳಿಯುವಾಗ ಒಂದೇ ಸಲ ಕುಂಯ್ ಅಂದ. ಅವತ್ತಿನಿಂದ ಬಲಗಡೆ ಹಿಂಗಾಲು ಪೂರ್ತಿ ಊರುತ್ತಿಲ್ಲ. ನಿಂತಾಗ ಬೆರಳ ತುದಿ ಮಾತ್ರ ತಾಗಿಸುತ್ತಾನೆ, ಕಾದ ಹೆಂಚು ಮುಟ್ಟಿದ ಹಾಗೆ. ಕೂತರೆ ಆ ಕಾಲನ್ನು ಮಡಚುವುದಿಲ್ಲ, ಪಕ್ಕಕ್ಕೆ ಚಾಚಿ ಕೂರುತ್ತಾನೆ.

ಉಳುಕಿರಬೇಕು ಅಂತ ನಾಲ್ಕು ದಿನ ಸುಮ್ನೆ ಬಿಟ್ಟೆವು. ಆಮೇಲೆ ಡಾಕ್ಟರ್ ಹತ್ತಿರ ಹೋದೆ. ಮಂಪರು ಬರುವ ಇಂಜೆಕ್ಷನ್ ಕೊಟ್ಟು ಮಲಗಿಸಿ, ತೊಡೆ ಎಲುಬು ಒಂದು ಕೈಯಲ್ಲಿ, ಕೆಳಗಿನ ಎಲುಬು ಇನ್ನೊಂದು ಕೈಯಲ್ಲಿ ಹಿಡಿದು ತಳ್ಳಿ ನೋಡಿದರು. ಮೇಜಿನ ಖಾನೆ ಎಳೆದ ಹಾಗೆ ಕೆಳಗಿನ ಎಲುಬು ಮುಂದಕ್ಕೆ ಜಾರಿತು. ಅದನ್ನು ಕಣ್ಣಾರೆ ನೋಡಿದ ಮೇಲೆ ರಾತ್ರಿ ಊಟ ಸೇರಲಿಲ್ಲ. ಎಕ್ಸ್‌ರೇಯಲ್ಲಿ ಎಲುಬು ಮುರಿದಿಲ್ಲ, ಕೀಲಿನೊಳಗೆ ನೀರು ತುಂಬಿದೆ.

ಅವರು ಹೇಳಿದ್ದು ಎರಡು ದಾರಿ. ಎರಡು ತಿಂಗಳು ಓಡಾಟ ಬಂದ್ ಮಾಡಿ, ಮಾತ್ರೆ ಕೊಟ್ಟು, ತೂಕ ಇಳಿಸಿ ನೋಡುವುದು. ಇಲ್ಲಾಂದ್ರೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಆಪರೇಷನ್. ತೂಕ ಎಷ್ಟು ಅಂತ ಕೇಳಿದರು, ಗೊತ್ತಿರಲಿಲ್ಲ. ಗೆಳೆಯನ ಹತ್ತಿ ಅಂಗಡಿಯಲ್ಲಿ ಅಂಡಿಗೆ, ಅಂದ್ರೆ ಹತ್ತಿ ಮೂಟೆ, ತೂಗುವ ಕಾಟಾ ಮೇಲೆ ನಿಲ್ಲಿಸಿದೆ. 41 ಕೆಜಿ. ಗೆಳೆಯ ನಕ್ಕು, ಇನ್ನೊಂಬತ್ತು ಕೆಜಿ ಏರಿಸು, ಅರ್ಧ ಕ್ವಿಂಟಲ್ ಲೆಕ್ಕಕ್ಕೆ ಕೊಂಡುಕೊಳ್ತೀನಿ ಅಂದ.

ಇದನ್ನು ಅನುಭವಿಸಿದವರು ಯಾರಾದರೂ ಇದ್ದೀರಾ? ನಮ್ಮ ಕಡೆ ಇದ್ದುಕೊಂಡು ಹೇಗೆ ನಿಭಾಯಿಸಿದಿರಿ?

ಗಂಗಾವತಿ ಭತ್ತ · ಫೆಬ್ರವರಿ 9

ಅಣ್ಣ, ಪುತ್ತೂರು ಕಟ್ಟು ಹಾಕಿಸಿ ನೋಡಿ. ನಮ್ಮ ಮಾವನ ಕೈ ಮುರಿದಾಗ ಮೂರು ಕಟ್ಟಿಗೆ ಸರಿಹೋಯಿತು.

ಮಾನ್ವಿ ಮೆಣಸಿನಕಾಯಿ · ಫೆಬ್ರವರಿ 9

ಭತ್ತದಣ್ಣ, ಮಾವನದು ಎಲುಬು ಮುರಿದದ್ದು. ಇಲ್ಲಿ ಎಲುಬು ಮುರಿದಿಲ್ಲ, ಹಗ್ಗ ಹರಿದಿದೆ. ಹೊರಗಿನಿಂದ ಎಷ್ಟು ಬಿಗಿದರೂ ಒಳಗಿನ ಹಗ್ಗ ಕೂಡುವುದಿಲ್ಲ. ನಮ್ಮ ಹಳೆ ನಾಯಿಗೆ ಹೀಗೇ ಬಿಗಿಯಾಗಿ ಕಟ್ಟಿಸಿದ್ದೆವು. ಆರು ದಿನಕ್ಕೆ ಪಾದ ಊದಿ, ಕಟ್ಟಿನ ಕೆಳಗೆ ಹುಣ್ಣಾಗಿ, ಕಾಲಿನ ನೋವು ಮರೆತು ಹುಣ್ಣಿಗೆ ಔಷಧಿ ಮಾಡಿಕೊಂಡು ಕೂತೆವು.

ಕೊಪ್ಪಳದ ಪಮ್ಮಿ · ಫೆಬ್ರವರಿ 9

ನಮ್ಮ ಪೊಮೆರೇನಿಯನ್ ಕೂಡ ಕಾಲು ಎತ್ತಿಕೊಂಡು ಕುಂಟುತ್ತಿತ್ತು. ನಾಲ್ಕು ಹೆಜ್ಜೆ ಕುಂಟಿ, ಒಂದು ಸಲ ಕಾಲು ಝಾಡಿಸಿ, ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತಿತ್ತು. ನಾವೂ ಲಿಗಮೆಂಟ್ ಅಂತಲೇ ಹೆದರಿದ್ದೆವು. ಅದು ಮೊಣಕಾಲಿನ ಚಿಪ್ಪು ಪಕ್ಕಕ್ಕೆ ಜಾರುವುದಂತೆ, ಸಣ್ಣ ಜಾತಿಗಳಲ್ಲಿ ಜಾಸ್ತಿ. ಬೇರೆ ಕಾಯಿಲೆ, ಬೇರೆ ಔಷಧಿ. ನಿಮ್ಮದು ಅದಲ್ಲ ಅನ್ಸುತ್ತೆ, ಆದರೂ ಹೇಳಿದೆ.

ದನದ ಡಾಕ್ಟರಮ್ಮ · ಸಿಂಧನೂರು ಕಡೆ · ಫೆಬ್ರವರಿ 10

ಹೆಸರೇ ಹೇಳುವ ಹಾಗೆ ನನ್ನ ದಿನ ಎಮ್ಮೆ, ಆಕಳು, ಕುರಿಗಳ ಜೊತೆ ಕಳೆಯುತ್ತದೆ. ಈಗೀಗ ಊರಲ್ಲಿ ಲ್ಯಾಬ್, ರಾಟ್‌ವೀಲರ್ ಜಾಸ್ತಿ ಆಗಿ ಈ ಮೊಣಕಾಲೂ ಬರುತ್ತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊಣಕಾಲಿನೊಳಗೆ ಎರಡು ಲಿಗಮೆಂಟ್ ಒಂದರ ಮೇಲೊಂದು ಅಡ್ಡ ಹಾಯ್ದಿರುತ್ತವೆ. ಮುಂದಿನದು ಕೆಳಗಿನ ಎಲುಬನ್ನು ಮುಂದಕ್ಕೆ ಜಾರದ ಹಾಗೆ ಹಿಡಿದಿರುತ್ತದೆ. ಕ್ರಿಕೆಟ್, ಕಬಡ್ಡಿ ಆಡುವವರು ಎಸಿಎಲ್ ಹೋಯಿತು ಅಂತಾರಲ್ಲ, ಅದೇ. ಆದರೆ ಆಟಗಾರನಿಗೆ ಒಂದೇ ಏಟಿಗೆ ಹರಿಯುತ್ತದೆ. ನಾಯಿಗೆ ಬಹುಪಾಲು ಹಾಗಲ್ಲ. ಬಾವಿ ಹಗ್ಗದ ಹಾಗೆ ತಿಂಗಳುಗಟ್ಟಲೆ ಎಳೆ ಎಳೆಯಾಗಿ ಸವೆದಿರುತ್ತದೆ. ಮೆಟ್ಟಿಲು ನೆಪ ಅಷ್ಟೇ. ನೆನಪು ಮಾಡಿಕೊಳ್ಳಿ, ಮಲಗಿ ಎದ್ದಾಗ ಬಿಗಿ ಹಿಡಿದ ಹಾಗೆ ನಡೆದು, ಆಮೇಲೆ ಸರಿಹೋಗುತ್ತಿದ್ದನಾ?

ಇದು ಯಾಕೆ ಮುಖ್ಯ ಅಂದ್ರೆ, ಒಂದು ಕಡೆ ಸವೆದಿದ್ದರೆ ಇನ್ನೊಂದು ಕಡೆಯೂ ಸವೆಯುತ್ತಿರುತ್ತದೆ. ಒಂದು ಕಾಲು ಹೋದ ನಾಯಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಮುಂದೆ ಇನ್ನೊಂದೂ ಹೋಗುತ್ತದೆ. ಹಾಗಾಗಿ ತೂಕ ಇಳಿಸುವ ಮಾತು ಆಪರೇಷನ್ ಮಾಡಿಸಿದರೂ ತಪ್ಪುವುದಿಲ್ಲ, ಮಾಡಿಸದಿದ್ದರೂ ತಪ್ಪುವುದಿಲ್ಲ.

ಆಪರೇಷನ್ ಇಲ್ಲದೆ ಆಗುತ್ತಾ? 1984ರ ಒಂದು ಹಳೆಯ ಅಮೆರಿಕನ್ ಅಧ್ಯಯನ ಇದೆ. 85 ನಾಯಿಗಳಿಗೆ ಆಪರೇಷನ್ ಮಾಡದೆ ನೋಡಿದರು. 15 ಕೆಜಿ ಒಳಗಿನವುಗಳಲ್ಲಿ ನೂರಕ್ಕೆ ಸುಮಾರು 85 ಸರಿಹೋದವು ಅಥವಾ ಸುಧಾರಿಸಿದವು. ಅದಕ್ಕಿಂತ ಭಾರ ಇದ್ದವುಗಳಲ್ಲಿ ನೂರಕ್ಕೆ 19 ಮಾತ್ರ. ಈ ಅಂಕಿ ನೋಡಿ ಎಲ್ಲರೂ ದೊಡ್ಡ ನಾಯಿಗೆ ಆಪರೇಷನ್ನೇ ಗತಿ ಅಂತಾರೆ. ಆದರೆ 2013ರಲ್ಲಿ ಇನ್ನೊಂದು ಬಂತು. ತೂಕ ಜಾಸ್ತಿ ಇದ್ದ ದೊಡ್ಡ ನಾಯಿಗಳನ್ನೇ ತೆಗೆದುಕೊಂಡು, ಎರಡೂ ಗುಂಪಿಗೆ ತೂಕ ಇಳಿಸಿ, ವ್ಯಾಯಾಮ ಮಾಡಿಸಿದರು. ಒಂದು ಗುಂಪಿಗೆ ಮಾತ್ರ ಆಪರೇಷನ್. ವರ್ಷದ ಕೊನೆಗೆ ಆಪರೇಷನ್ ಆದವುಗಳಲ್ಲಿ ನಾಲ್ಕಕ್ಕೆ ಮೂರು ಚೆನ್ನಾಗಿದ್ದವು. ಆಗದವುಗಳಲ್ಲಿ ಮೂರಕ್ಕೆ ಎರಡರ ಹತ್ತಿರ. ಆಪರೇಷನ್ನೇ ಮೇಲು, ನಿಜ. ಆದರೆ ಊಟದ ತಟ್ಟೆಗೂ ಇಷ್ಟು ಬಲ ಇದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಇನ್ನು ಆಪರೇಷನ್. ಹಳೆಯ ಬಗೆಯಲ್ಲಿ ಗಟ್ಟಿ ನೈಲಾನ್ ದಾರವನ್ನು ಕೀಲಿನ ಹೊರಗಿನಿಂದ ಬಿಗಿಯುತ್ತಾರೆ. ದಾರ ಕಡೆಗೆ ಸಡಿಲ ಆಗುತ್ತದೆ ಅಥವಾ ಹರಿಯುತ್ತದೆ, ಅಷ್ಟರೊಳಗೆ ಸುತ್ತಲಿನ ಮಾಂಸ ಗಟ್ಟಿಯಾಗಿ ಕೀಲನ್ನು ಹಿಡಿದುಕೊಳ್ಳಬೇಕು. ಸಣ್ಣ, ಹಗುರ ನಾಯಿಗೆ ಚೆನ್ನ. 41 ಕೆಜಿಗೆ ನಾನು ಹೇಳುವುದಿಲ್ಲ.

ಇನ್ನೊಂದು ಟಿಪಿಎಲ್‌ಒ. ನಾಯಿಯ ಕೆಳಗಿನ ಎಲುಬಿನ ತಲೆ ಹಿಂದಕ್ಕೆ ಇಳಿಜಾರು ಇರುತ್ತದೆ, ಸುಮಾರು 20ರಿಂದ 30 ಡಿಗ್ರಿ. ನಿಮ್ಮೂರ ಕೋಟೆ ಗುಡ್ಡದ ಇಳಿಜಾರಿನಲ್ಲಿ ತಳ್ಳುಗಾಡಿಯನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಹಗ್ಗ ಹರಿದರೆ ಗಾಡಿ ಜಾರುತ್ತದೆ. ಇಲ್ಲಿ ಹೊಸ ಹಗ್ಗ ಕಟ್ಟುವ ಗೋಜಿಗೆ ಹೋಗದೆ ನೆಲವನ್ನೇ ಸಮ ಮಾಡುತ್ತಾರೆ. ಎಲುಬಿನ ತಲೆಯನ್ನು ದುಂಡಗಿನ ಗರಗಸದಿಂದ ಕೊಯ್ದು, ತಿರುಗಿಸಿ, ಇಳಿಜಾರನ್ನು ಸುಮಾರು 5 ಡಿಗ್ರಿಗೆ ತಂದು ಪ್ಲೇಟ್, ಸ್ಕ್ರೂ ಹಾಕುತ್ತಾರೆ. ಬಾರ್ಕ್ಲೇ ಸ್ಲೋಕಮ್ ಎಂಬ ಅಮೆರಿಕದ ಪಶುವೈದ್ಯರು 1993ರಲ್ಲಿ ಇದನ್ನು ಪ್ರಕಟಿಸಿದರು. ಟಿಟಿಎ ಅಂತ ಮೂರನೆಯದೂ ಇದೆ, ಜ್ಯೂರಿಚ್‌ನಿಂದ ಬಂದದ್ದು. ಲೆಕ್ಕಾಚಾರ ಅದೇ, ಕೊಯ್ಯುವ ಜಾಗ ಬೇರೆ. ಯಾವುದು ಅನ್ನುವುದಕ್ಕಿಂತ, ಮಾಡುವವರ ಕೈ ಎಷ್ಟು ಪಳಗಿದೆ ಅನ್ನೋದು ನೋಡಿ.

ಒಂದು ಎಚ್ಚರಿಕೆ. ಮನುಷ್ಯರ ನೋವಿನ ಮಾತ್ರೆ, ಡೈಕ್ಲೋಫೆನಾಕ್, ಐಬುಪ್ರೊಫೆನ್, ಕೊಡಲೇಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ದನಗಳಿಗೂ ಡೈಕ್ಲೋಫೆನಾಕ್ 2006ರಲ್ಲೇ ನಿಂತಿದೆ, ಸತ್ತ ದನ ತಿಂದ ರಣಹದ್ದುಗಳು ಸಾಯುತ್ತಿದ್ದವು ಅಂತ. ನಿಮ್ಮ ಡಾಕ್ಟರ್ ಕೊಟ್ಟದ್ದು ಮೆಲಾಕ್ಸಿಕಾಮ್ ಇರಬೇಕು. ಅವರು ಬರೆದ ಅಳತೆಯಲ್ಲಿ, ಊಟ ಆದ ಮೇಲೆ ಕೊಡಿ. ಅದರ ಜೊತೆ ಸ್ಟೀರಾಯ್ಡ್ ಬೇಡ.

ಮಾನ್ವಿ ಮೆಣಸಿನಕಾಯಿ · ಫೆಬ್ರವರಿ 10

ಮೇಡಂ, ಆ ಮಾತ್ರೆ ವಿಷಯ ನೂರಕ್ಕೆ ನೂರು ನಿಜ. ಒಂದು ಮೆಡಿಕಲ್ ಶಾಪಲ್ಲಿ ನಾಯಿಗೆ ಕಾಲು ನೋವು ಅಂದಿದ್ದಕ್ಕೆ ಮನುಷ್ಯರದೇ ಮಾತ್ರೆ ಅರ್ಧ ಮುರಿದು ಕೊಟ್ಟಿದ್ದರು. ಮೂರನೇ ದಿನ ಡಾಂಬರಿನ ಹಾಗೆ ಕಪ್ಪಗೆ ಹೇತಿತು. ಡ್ರಿಪ್ ಹಾಕಿಸಿ ಉಳಿಸಿಕೊಂಡೆವು.

ಗಂಗಾವತಿ ಭತ್ತ · ಫೆಬ್ರವರಿ 10

ಸರಿ ಬಿಡಿ, ಕಟ್ಟು ಬೇಡ. ನೀರಲ್ಲಿ ನಡೆಸಿದರೆ ಒಳ್ಳೆಯದು ಅಂತ ವಿಡಿಯೋದಲ್ಲಿ ನೋಡಿದ್ದೆ. ನಮ್ಮ ಕಡೆ ಕಾಲುವೆ ಇದೆಯಲ್ಲ. ಈಜಿಸಬಹುದಾ?

ದನದ ಡಾಕ್ಟರಮ್ಮ · ಫೆಬ್ರವರಿ 10

ನೀರಿನ ವ್ಯಾಯಾಮ ಒಳ್ಳೆಯದೇ, ಭಾರ ಬೀಳದೆ ಸ್ನಾಯು ಕೆಲಸ ಮಾಡುತ್ತದೆ. ಆದರೆ ವಿಡಿಯೋದಲ್ಲಿ ಇರೋದು ಗಾಜಿನ ತೊಟ್ಟಿ, ಒಳಗೆ ಟ್ರೆಡ್‌ಮಿಲ್. ತುಂಗಭದ್ರಾ ಕಾಲುವೆಯಲ್ಲ. ಕಾಲುವೆಯ ಕಾಂಕ್ರೀಟ್ ಇಳಿಜಾರಿನಲ್ಲಿ ನಾಲ್ಕು ಕಾಲು ಗಟ್ಟಿ ಇರುವ ನಾಯಿಗೇ ಹತ್ತಿ ಬರಲು ಆಗುವುದಿಲ್ಲ. ದಯವಿಟ್ಟು ಬೇಡ.

ಶಕ್ತಿನಗರ ನೈಟ್ ಶಿಫ್ಟ್ · ರಾಯಚೂರು · ಫೆಬ್ರವರಿ 11

ನಮ್ಮ ರಾಟ್‌ವೀಲರ್ ರಾಣಿಗೆ ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಟಿಪಿಎಲ್‌ಒ ಮಾಡಿಸಿದೆ. ಬಾಡಿಗೆ ಕಾರು, ಲಾಡ್ಜ್, ಔಷಧಿ ಎಲ್ಲಾ ಸೇರಿ ನನಗೆ 1 ಲಕ್ಷ 10 ಸಾವಿರ ಬಿತ್ತು. ರೈಲಲ್ಲಿ ಹೋಗೋಣ ಅಂದುಕೊಂಡಿದ್ದೆ. ಫಸ್ಟ್ ಕ್ಲಾಸಿನಲ್ಲಿ ಪೂರ್ತಿ ಕೂಪೆ ನಮ್ಮ ಹೆಸರಲ್ಲೇ ಬುಕ್ ಆಗಬೇಕು, ಇಲ್ಲಾಂದ್ರೆ ನಾಯಿ ಗಾರ್ಡ್ ಹತ್ತಿರದ ಪೆಟ್ಟಿಗೆಯಲ್ಲಿ ಹೋಗಬೇಕು. ಕಾಲು ಕೊಯ್ಸಿಕೊಂಡು ಬಂದ ನಾಯಿಯನ್ನು ಆ ಪೆಟ್ಟಿಗೆಯಲ್ಲಿ ಹಾಕಲು ಮನಸ್ಸು ಬರಲಿಲ್ಲ.

ಆಪರೇಷನ್ ಬಗ್ಗೆ ಎಲ್ಲರೂ ಕೇಳ್ತಾರೆ. ಆಮೇಲಿನ ಎರಡು ತಿಂಗಳ ಬಗ್ಗೆ ಯಾರೂ ಕೇಳಲ್ಲ. ಅದೇ ನಿಜವಾದ ಕೆಲಸ ಸಾರ್. ಆಪರೇಷನ್ ಡಾಕ್ಟರ್ ಮಾಡ್ತಾರೆ, ಒಂದೆರಡು ತಾಸು. ಉಳಿದದ್ದು ನೀವು. ಓಡಬಾರದು, ಜಿಗಿಯಬಾರದು, ಮೆಟ್ಟಿಲು ಇಲ್ಲ, ಸೋಫಾ ಇಲ್ಲ. ಒಂದಕ್ಕೆ ಹೋಗಬೇಕಾದರೂ ಬೆಲ್ಟು. ಆಪರೇಷನ್ ಬೇಡ ಅಂತ ತೀರ್ಮಾನ ಮಾಡಿದರೂ ಇದೇ ಎರಡು ತಿಂಗಳು ಇದ್ದೇ ಇದೆ. ಮನೆಯಲ್ಲಿ ಅಷ್ಟು ದಿನ ಹಿಡಿದಿಟ್ಟುಕೊಳ್ಳುವವರು ಯಾರು ಅಂತ ಮೊದಲು ನಿಕ್ಕಿ ಮಾಡಿಕೊಳ್ಳಿ. ದುಡ್ಡಿನ ಮಾತು ಆಮೇಲೆ.

ನಮ್ಮ ಮನೆ ಟೈಲ್ಸು ಕನ್ನಡಿ ಇದ್ದ ಹಾಗೆ. ಗೋಣಿತಾಟು ಹಾಸಿದೆ, ಪೂರ್ತಿ ಹಾಲ್. ಪ್ಲಾಸ್ಟಿಕ್ ಚೀಲ ಹಾಸಬೇಡಿ, ಅದು ಇನ್ನೂ ಜಾರುತ್ತದೆ. ಹಳೆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆ ಕೆಳಗೆ ಹಾಕಿ, ಎರಡು ತುದಿ ಹಿಡಿದು ಎತ್ತಿಕೊಂಡೇ ನಡೆಸುತ್ತಿದ್ದೆ. ನೈಟ್ ಶಿಫ್ಟ್ ಮುಗಿಸಿ ಬಂದು ಬೆಳಗ್ಗೆ ಆರಕ್ಕೆ ಆ ಮೆರವಣಿಗೆ. ಓಣಿ ಮಂದಿ ನೋಡಿ ನಗ್ತಿದ್ರು.

ರಾಣಿ ಈಗ ಓಡ್ತಾಳೆ. ಚಳಿಗಾಲದಲ್ಲಿ ಬೆಳಗ್ಗೆ ಸ್ವಲ್ಪ ಬಿಗಿ ಇರುತ್ತೆ, ಅಷ್ಟೇ.

ಬೇಟೆ ನಾಯಿ · ಲಿಂಗಸೂಗೂರು · ಫೆಬ್ರವರಿ 11

ಅದಕ್ಕೇ ಮುಧೋಳ ಸಾಕಿ ಅನ್ನೋದು. ಹೊಲದ ಬದು ಹಾರಿ ಹಾರಿ ಮೊಲ ಅಟ್ಟಿಸಿಕೊಂಡು ಹೋಗುತ್ತವೆ, ಮೊಣಕಾಲು ಹೋಗಿದ್ದು ನಾನಂತೂ ನೋಡಿಲ್ಲ. ನಿಮ್ಮ ಲ್ಯಾಬ್‌ಗಳಿಗೆ ಬಿಸ್ಕತ್ತು ತಿನ್ನಿಸಿ ಎಮ್ಮೆ ಮಾಡ್ತೀರಿ.

ದನದ ಡಾಕ್ಟರಮ್ಮ · ಫೆಬ್ರವರಿ 11

ಮಾತು ಒರಟಾದರೂ ಅರ್ಧ ಸತ್ಯ ಇದೆ. ಗ್ರೇಹೌಂಡ್ ಥರದ ಓಟದ ನಾಯಿಗಳಲ್ಲಿ ಇದು ಕಡಿಮೆ. ಲ್ಯಾಬ್, ರಾಟ್‌ವೀಲರ್‌ಗಳಲ್ಲಿ ಜಾಸ್ತಿ. ತಳಿಯೂ ಕಾರಣ, ಬಿಸ್ಕತ್ತೂ ಕಾರಣ. ಎಮ್ಮೆಗೆ ಯಾಕೆ ಬೈತೀರಿ, ಅದು ಪಾಪ ಹಾಲಾದ್ರೂ ಕೊಡುತ್ತೆ.

ಕರಿಯನ ಮನೆಯವ · ಫೆಬ್ರವರಿ 12

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರಮ್ಮ, ಬಿಗಿ ಹಿಡಿದ ಹಾಗೆ ನಡೆಯುತ್ತಿದ್ದನಾ ಅಂದಿರಲ್ಲ, ಹೌದು. ದೀಪಾವಳಿ ಹೊತ್ತಿಂದಲೇ. ವಯಸ್ಸಾಯಿತು ಅಂದುಕೊಂಡಿದ್ದೆವು.

ಶಕ್ತಿನಗರ ಸಾರ್ ಹೇಳಿದ್ದು ಓದಿ ಮನೆಯಲ್ಲಿ ಕೂತು ಮಾತಾಡಿದೆವು. ಈಗಲೇ ಬೆಂಗಳೂರಿಗೆ ಓಡುವುದಿಲ್ಲ. ಆರು ವಾರ ಹಿಡಿದಿಟ್ಟು ತೂಕ ಇಳಿಸ್ತೀವಿ. ಆಪರೇಷನ್ ಆಗಲೇಬೇಕಾದರೂ ಹಗುರ ಆಗಿರೋದು ಒಳ್ಳೆಯದೇ ಅಲ್ವಾ? ಪಡಸಾಲೆ ಮೂಲೆಯಲ್ಲಿ ಕಬ್ಬಿಣದ ಮಂಚವನ್ನು ಅಡ್ಡ ನಿಲ್ಲಿಸಿ ಜಾಗ ಮಾಡಿದ್ದೇನೆ.

ದೊಡ್ಡ ತೊಂದರೆ ನಮ್ಮ ಅವ್ವ. ಅವನು ಬಂದು ಮುಖ ನೋಡಿದರೆ ರೊಟ್ಟಿ ಮುರಿದು ಹಾಕದೆ ಇರಲು ಅವಳಿಗೆ ಆಗಲ್ಲ. ನಾವು ಒಂದು ಹೊತ್ತು ಹಾಕ್ತೀವಿ ಅಂದುಕೊಂಡಿದ್ದೆವು. ಲೆಕ್ಕ ಹಾಕಿದರೆ ಅವ್ವನ ಎರಡು ರೊಟ್ಟಿ, ಎದುರು ಮನೆಯ ಬಿಸ್ಕತ್ತು, ಚಹಾ ಅಂಗಡಿಯ ಬನ್ನು. ಊರೆಲ್ಲಾ ಸೇರಿ ಸಾಕಿದ್ದಾರೆ.

ದನದ ಡಾಕ್ಟರಮ್ಮ · ಫೆಬ್ರವರಿ 12

ಒಳ್ಳೆ ತೀರ್ಮಾನ. ಅವ್ವನಿಗೆ ಸೌತೆಕಾಯಿ, ಬೇಯಿಸಿದ ಬೀನ್ಸ್ ಕೊಡಿ, ಮುರಿದು ಹಾಕಲಿ. ಹಾಕೋದು ಅವರ ಖುಷಿ, ಏನು ಹಾಕ್ತಾರೆ ಅನ್ನೋದು ನಿಮ್ಮ ಕೈಲಿ ಇರಲಿ. ಒಂದೇ ಸಲ ಉಪವಾಸ ಹಾಕಬೇಡಿ, ನಿಧಾನವಾಗಿ ಇಳಿಯಬೇಕು.

ಎರಡು ವಿಷಯ ಗಮನದಲ್ಲಿ ಇಡಿ. ನಡೆಯುವಾಗ ಮೊಣಕಾಲಿನಲ್ಲಿ ಕಟ್ ಕಟ್ ಅಂತ ಶಬ್ದ ಬಂದರೆ, ಅಥವಾ ಸುಧಾರಿಸುತ್ತಿದ್ದವನು ಏಕಾಏಕಿ ಕಾಲು ಪೂರ್ತಿ ಎತ್ತಿಬಿಟ್ಟರೆ, ಎಲುಬುಗಳ ನಡುವಿನ ಗಾದಿ, ಅಂದ್ರೆ ಮೆನಿಸ್ಕಸ್, ಹರಿದಿರಬಹುದು. ಹಾಗಾದರೆ ಕಾಯಬೇಡಿ. ಅದು ವಿಶ್ರಾಂತಿಯಿಂದ ಸರಿಹೋಗುವುದು ಕಷ್ಟ.

ಇನ್ನೊಂದು ಉಣ್ಣಿ. ನಮ್ಮ ಕಡೆ ಉಣ್ಣಿ ಜ್ವರ ಬಹಳ. ಕೀಲು ನೋವಿಗೆ ಅದೂ ಕಾರಣ ಆಗಬಹುದು, ಮತ್ತೆ ಪ್ಲೇಟ್‌ಲೆಟ್ ಇಳಿಸುತ್ತದೆ. ಅದನ್ನು ನೋಡದೆ ಆಪರೇಷನ್ ಟೇಬಲ್ ಹತ್ತಿಸಿದರೆ ರಕ್ತ ನಿಲ್ಲಲ್ಲ. ರಕ್ತ ಪರೀಕ್ಷೆ ಇಲ್ಲೇ ಮಾಡಿಸಿಕೊಳ್ಳಿ.

ಕೊಪ್ಪಳದ ಪಮ್ಮಿ · ಫೆಬ್ರವರಿ 13

ಮೊಣಕಾಲಿಗೆ ಹಾಕುವ ಬೆಲ್ಟು ಆನ್‌ಲೈನಲ್ಲಿ ಸಿಗುತ್ತಲ್ಲ ಮೇಡಂ, ಅದು?

ದನದ ಡಾಕ್ಟರಮ್ಮ · ಫೆಬ್ರವರಿ 13

ಅರಿವಳಿಕೆ ಕೊಡಲಾಗದ ಮುದಿ ನಾಯಿಗೆ ಅಳತೆ ಕೊಟ್ಟು ಮಾಡಿಸಿದರೆ ಸ್ವಲ್ಪ ಆಸರೆ. ರೆಡಿಮೇಡ್ ಬಟ್ಟೆಯದು ನಾಲ್ಕು ಹೆಜ್ಜೆಗೆ ಪಾದಕ್ಕೆ ಇಳಿಯುತ್ತದೆ. ನಮ್ಮ ಸೆಕೆಗೆ ಕೆಳಗೆ ಚರ್ಮವೂ ಕಿತ್ತುಬರುತ್ತದೆ.

ಕರಿಯನ ಮನೆಯವ · ಮಾರ್ಚ್ 24

ಆರು ವಾರದ ವರದಿ. ಕಾಟಾ ಮೇಲೆ 37 ಕೆಜಿ 600 ಗ್ರಾಂ. ನಾಲ್ಕು ವಾರ ಚೆನ್ನಾಗಿತ್ತು. ಕಾಲು ಊರಲು ಶುರು ಮಾಡಿದ್ದ, ನಾನು ಒಳಗೊಳಗೇ ಗೆದ್ದೆ ಅಂದುಕೊಂಡಿದ್ದೆ. ಹೋದ ಬುಧವಾರ ಅವನನ್ನು ಹೊರಗೆ ಕರೆದುಕೊಂಡು ಹೋಗುವಾಗ ಓಣಿ ನಿಶ್ಶಬ್ದ ಇತ್ತು. ಬೆಳಗ್ಗೆ ಐದೂವರೆ. ಹೆಜ್ಜೆಗೊಂದು ಸಲ ಕಟ್, ಕಟ್. ಮೊದಲು ಬೆಲ್ಟಿನ ಕೊಂಡಿ ಅಂದುಕೊಂಡೆ. ಕೊಂಡಿ ಹಿಡಿದುಕೊಂಡು ನಡೆಸಿದೆ. ಆಗಲೂ ಕಟ್. ಕೂತು ಮೊಣಕಾಲ ಮೇಲೆ ಕೈ ಇಟ್ಟರೆ ಅಂಗೈಗೇ ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಕಾಲು ಪೂರ್ತಿ ಮೇಲೆ.

ದರ್ಜಿ ಟೇಪಿನಿಂದ ತೊಡೆ ಅಳೆದೆ. ಎಡಕ್ಕಿಂತ ಬಲ ಎರಡು ಇಂಚು ಸಣ್ಣ. ಬೆಂಗಳೂರಿಗೆ ಹೊರಟಿದ್ದೇವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೂ ಒಂದು ಖಾಸಗಿ ಕಡೆಗೂ ಫೋನ್ ಮಾಡಿ ವಿಚಾರಿಸಿದೆ. ಬೇಗ ದಿನ ಸಿಕ್ಕ ಕಡೆ ಹೋಗ್ತಿದ್ದೀವಿ.

ಶಕ್ತಿನಗರ ನೈಟ್ ಶಿಫ್ಟ್ · ಮಾರ್ಚ್ 24

ರಾತ್ರಿ ಹೊರಡಿ ಸಾರ್. ಹಗಲು ಚಳ್ಳಕೆರೆ ಕಡೆ ಬಿಸಿಲು ಕಾರಿನೊಳಗೂ ಬಿಡಲ್ಲ. ಎಷ್ಟು ಟಿಪಿಎಲ್‌ಒ ಮಾಡಿದ್ದೀರಿ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಪ್ಲೇಟ್ ಹಾಕಿದ ಮೇಲಿನ ಎಕ್ಸ್‌ರೇ ಕಾಪಿ ತೆಗೆದುಕೊಂಡು ಬನ್ನಿ. ಊರಲ್ಲಿ ತೋರಿಸಲು ಬೇಕಾಗುತ್ತೆ.

ಕರಿಯನ ಮನೆಯವ · ಏಪ್ರಿಲ್ 2

ಟಿಪಿಎಲ್‌ಒ ಆಯಿತು. ಮೆನಿಸ್ಕಸ್ ಒಳಗಡೆಯದು ಹರಿದು ಮಡಚಿಕೊಂಡಿತ್ತಂತೆ, ಆ ತುಂಡು ತೆಗೆದರು. ಮೊದಲೇ ಹೋಗಬೇಕಿತ್ತಾ ಅಂತ ಕೇಳಿದೆ. ಮೊದಲೇ ಹರಿದಿತ್ತೋ ಈಗ ಹರಿಯಿತೋ ಹೇಳಲು ಆಗಲ್ಲ ಅಂದರು. ನಿಜ ಹೇಳಬೇಕಂದ್ರೆ ಆ ಹತ್ತಿರಹತ್ತಿರ ಮೂರೂವರೆ ಕೆಜಿ ಇಳಿದದ್ದಕ್ಕೆ ನನಗೆ ಬೇಜಾರಿಲ್ಲ.

ಕೊರಳಿಗೆ ಬುಟ್ಟಿ ಹಾಕಿದ್ದಾರೆ. ಅದನ್ನು ಎಲ್ಲಾ ಬಾಗಿಲಿಗೂ ಗುದ್ದಿಕೊಂಡು ತಿರುಗುತ್ತಾನೆ. ಮಂಚವನ್ನು ಎರಡನೇ ದಿನವೇ ತಳ್ಳಿ ಹೊರಗೆ ಬಂದ. ವೆಲ್ಡಿಂಗ್ ಅಂಗಡಿಯಲ್ಲಿ ಸೊಂಟದೆತ್ತರದ ಗೇಟು ಮಾಡಿಸಿದೆ, ಎರಡು ಕಡೆ ಹುಕ್ ಹಾಕಿ ನಿಲ್ಲಿಸುವ ಹಾಗೆ. ಕೂಲರ್ ಅವನ ಕಡೆ ತಿರುಗಿಸಿದ್ದೇವೆ. ನಮಗೆ ಸೆಕೆ.

ಬೇಟೆ ನಾಯಿ · ಏಪ್ರಿಲ್ 2

ಬೇಗ ಗುಣ ಆಗಲಿ ಅಣ್ಣ. ಅವತ್ತು ಸ್ವಲ್ಪ ಜಾಸ್ತಿ ಮಾತಾಡಿದೆ.

ಕರಿಯನ ಮನೆಯವ · ಜೂನ್ 3

ಒಂಬತ್ತನೇ ವಾರ. ಎಕ್ಸ್‌ರೇಯಲ್ಲಿ ಎಲುಬು ಕೂಡಿದೆ. ಮೊದಲೆರಡು ವಾರ ಐದೈದು ನಿಮಿಷ, ಬೆಲ್ಟಿನಲ್ಲಿ, ಒಂದಕ್ಕೆ ಎರಡಕ್ಕೆ ಮಾತ್ರ. ಆಮೇಲೆ ವಾರಕ್ಕೆ ಐದು ನಿಮಿಷ ಏರಿಸುತ್ತಾ ಬಂದೆವು. ಈಗ ಅರ್ಧ ತಾಸು ನಡೆಯುತ್ತಾನೆ, ಸೂರ್ಯ ಏರುವ ಮೊದಲು. ತೂಕ 34 ಕೆಜಿ 800. ಖರ್ಚು ಕೇಳಿದ್ದರು ಕೆಲವರು, ಓಡಾಟ ಸೇರಿ ಒಂದು ಲಕ್ಷ ದಾಟಿತು. ಒಂದು ಚೀಟಿ ಎತ್ತಿದೆ.

ನಿನ್ನೆ ಹಿಂದಿನ ಎರಡೂ ಕಾಲು ಮಡಚಿ ಸರಿಯಾಗಿ ಕೂತ. ಅವ್ವ ನೋಡಿ, ಕೂತ ನೋಡೋ ಕೂತ ಅಂತ ಕೂಗಿಬಿಟ್ಟಳು. ಖುಷಿಗೆ ಒಳಗಿಂದ ರೊಟ್ಟಿ ತಂದಳು. ಕಿತ್ತುಕೊಂಡು ಸೌತೆಕಾಯಿ ಕೊಟ್ಟೆ.

ಎಡಗಾಲಿನ ಮೇಲೆ ಕಣ್ಣಿಟ್ಟಿದ್ದೇನೆ.

ಸಿರುಗುಪ್ಪ ಹೊಸಬ · ಜೂನ್ 5

ಅಣ್ಣ, ಪೂರ್ತಿ ಓದಿದೆ. ನಮ್ಮ ಲ್ಯಾಬ್‌ದೂ ಇದೇ ಕಥೆ, ಮೊನ್ನೆ ತಿಳಿಯಿತು. 36 ಕೆಜಿ. ಆ ಗೇಟು ಈಗ ನಿಮಗೆ ಬೇಕಾಗಿಲ್ಲ ಅಂದ್ರೆ ಕೊಡ್ತೀರಾ? ದುಡ್ಡು ಕೊಡ್ತೀನಿ.

ಕರಿಯನ ಮನೆಯವ · ಜೂನ್ 5

ದುಡ್ಡು ಬೇಡ. ಇನ್ನೂ ಮೂರು ವಾರ ನನಗೇ ಬೇಕು, ಆಮೇಲೆ ಒಯ್ಯಿರಿ. ಅಲ್ಲಿಯವರೆಗೆ ಮಂಚ ಅಡ್ಡ ಇಡಿ, ಆದರೆ ಹಿಂದೆ ಒಂದು ಅಕ್ಕಿ ಚೀಲ ಒರಗಿಸಿ, ಇಲ್ಲಾಂದ್ರೆ ತಳ್ಳಿಬಿಡ್ತಾನೆ. ಬರುವಾಗ ನಿಮ್ಮ ಬಾಗಿಲಿನ ಅಗಲ ಅಳೆದುಕೊಂಡು ಬನ್ನಿ. ಗೇಟು ಮೂರೂವರೆ ಅಡಿ ಇದೆ.